ಕಾಲಳತೆಯ ಮೆಟ್ಟಿಲುಗಳು

ಕಂಬಗಳ ಅಗಲವನ್ನು ಅರ್ಧಕ್ಕೆ ಇಳಿಸಿದ ಕೂಡಲೇ ಗುಡ್ಡ ಒಡೆದು ಎರಡಾಯಿತು. ಅವಳು ಕುರ್ಚಿಯನ್ನು ಕಂಪ್ಯೂಟರ್ ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಸೆಂಟಿಮೀಟರಿಗೊಂದು ಕಂಬ ನಿಲ್ಲಿಸಿದಾಗ ಊರಿನ ಹೆಂಗಸರ ಪಾದಗಳೆಲ್ಲ ಸೇರಿ ನಡುವೆ ಒಂದು ಗುಡ್ಡವಾಗಿ, ಎರಡೂ ಕಡೆಗೆ ಸಭ್ಯವಾಗಿ ಇಳಿದುಹೋಗಿದ್ದವು. ಈಗ ಬಲಗಡೆಯ ಇಳಿಜಾರಿನಲ್ಲಿ ಇನ್ನೊಂದು ಕಂಬ ಕರೆಯದೆ ಬಂದ ನೆಂಟನ ಹಾಗೆ ಎದ್ದು ನಿಂತಿತ್ತು. ಮೊದಲ ಕಂಬ ಶುರುವಾಗುವ ಜಾಗವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು, ನೆಂಟ ಮಾಯವಾದ. ವಾಪಸ್ಸು ಸರಿಸಿದಳು, ಮತ್ತೆ ಬಂದ. ಅದೇ ಪಾದಗಳು, ಅದೇ ಅಳತೆಗಳು. ಹಿಸ್ಟೋಗ್ರಾಮ್ ಎಂಬ ಕಂಬಚಿತ್ರದ ಈ ಚಾಳಿ ಅವಳಿಗೆ ಹೊಸದಲ್ಲ, ಗೋಡೆ ಎಲ್ಲಿ ಎಬ್ಬಿಸುತ್ತೇವೆ ಅನ್ನುವುದರ ಮೇಲೆ ಅದು ಬೇರೆಬೇರೆ ಮನೆ ತೋರಿಸುತ್ತದೆ. ಆದರೂ ಇಷ್ಟು ವರ್ಷಗಳ ಮೇಲೂ ಅವಳಿಗೆ ಅದನ್ನು ನೋಡಿ ಸಾಕೆನಿಸಿರಲಿಲ್ಲ. ಮಧ್ಯಾಹ್ನದೊಳಗೆ ಕೊಡಬೇಕಾಗಿದ್ದ ಚಿತ್ರವನ್ನು ಬದಿಗಿಟ್ಟು, ಚಹಾ ಆರಿಹೋಗುವುದನ್ನೂ ಮರೆತು, ಅವಳು ಆ ಕಂಬವನ್ನು ಬರಿಸುತ್ತ ಕಳಿಸುತ್ತ ಕೂತಿದ್ದಳು.

ಶೂ ಕಾರ್ಖಾನೆಯ ಮೇಲ್ಮಹಡಿಯ ಆ ಕೋಣೆಗೆ ಕೆಳಗಿನಿಂದ ಅಂಟಿನ ವಾಸನೆ ಬರುತ್ತಿತ್ತು. ಹೊಲಿಗೆ ಯಂತ್ರಗಳು ಒಟ್ಟಿಗೇ ಶುರುವಾದರೆ ನೆಲ ಸಣ್ಣಗೆ ನಡುಗಿ ಮೇಜಿನ ಮೇಲಿನ ಪೆನ್ಸಿಲು ತಾನಾಗಿ ಉರುಳುತ್ತಿತ್ತು. ಅವಳ ಕೆಲಸ ಅಳತೆಗಳನ್ನು ಚಿತ್ರ ಮಾಡುವುದು. ಯೋಜನಾ ವಿಭಾಗದ ಮುಖ್ಯಸ್ಥರಿಗೆ ಬೇಕಾಗಿದ್ದದ್ದು ಸಂಚಿತ ಹಿಸ್ಟೋಗ್ರಾಮ್: ಒಂದು ಕಂಬದ ತಲೆಯ ಮೇಲೆ ಮುಂದಿನ ಕಂಬವನ್ನು ಹೊರಿಸುತ್ತ ಹೋಗಬೇಕು, ಬಲತುದಿಗೆ ಬರುವಷ್ಟರಲ್ಲಿ ಅದು ನೂರಕ್ಕೆ ನೂರು ಮುಟ್ಟಬೇಕು, ತೊಂಬತ್ತೇಳು ದಾಟುವ ಕಡೆ ಒಂದು ನೇರ ಗೆರೆ ಎಳೆಯಬೇಕು. ಗೆರೆಯ ಬಲಕ್ಕೆ ಬೀಳುವ ಹೆಂಗಸರ ಸೈಜುಗಳ ಅಚ್ಚುಗಳು ಗುಜರಿಗೆ. ದೊಡ್ಡ ಸೈಜು ಎರಡು ಹೋದರೆ ಗೋದಾಮಿನಲ್ಲಿ ಉಸಿರಾಡಲು ಜಾಗವಾಗುತ್ತದೆ ಎಂದು ಮೊದಲು ಹೇಳಿದ್ದು ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ಎತ್ತರದ, ಮಾತು ಕಡಿಮೆಯ ಆ ಹೆಂಗಸು ಹೇಳಿದ್ದಕ್ಕೆ ಯೋಜನೆಯ ಮುಖ್ಯಸ್ಥರು ‘ಆಯ್ತಪ್ಪ’ ಅಂದಿದ್ದರು. ಯಾರು ಏನು ಹೇಳಿದರೂ, ಹೆಂಗಸಿಗಾಗಲಿ ಗಂಡಸಿಗಾಗಲಿ, ಅವರ ಉತ್ತರ ಅದೇ ಆದ್ದರಿಂದ ಕಾರ್ಖಾನೆಯಲ್ಲಿ ಅವರಿಗೆ ಬೆನ್ನ ಹಿಂದೆ ಆಯ್ತಪ್ಪನವರು ಎಂದೇ ಹೆಸರು. ಸಭೆ ನಾಳೆ ಬೆಳಿಗ್ಗೆ.

ಕಂಬಗಳನ್ನು ನಂಬಲು ಮನಸ್ಸಾಗದೆ ಅವಳು ಅವನ್ನೆಲ್ಲ ಅಳಿಸಿ ಮೆಟ್ಟಿಲು ಗೆರೆ ಎಳೆದಳು. ಪುಸ್ತಕದಲ್ಲಿ ಅದಕ್ಕೊಂದು ಉದ್ದದ ಹೆಸರಿದೆ. ಅವಳ ಮಟ್ಟಿಗೆ ಅದು ಮೆಟ್ಟಿಲು ಗೆರೆ. ಅಲ್ಲಿ ಗೋಡೆಗಳಿಲ್ಲ. ಅತಿ ಚಿಕ್ಕ ಪಾದದಿಂದ ಶುರುಮಾಡಿ ಒಬ್ಬೊಬ್ಬರನ್ನೇ ಸಾಲಿನಲ್ಲಿ ನಿಲ್ಲಿಸುವುದು, ಒಬ್ಬರು ಬಂದಾಗ ಗೆರೆ ಒಂದು ಮೆಟ್ಟಿಲು ಏರುವುದು, ಯಾರೂ ಇಲ್ಲದ ಕಡೆ ಸುಮ್ಮನೆ ಅಡ್ಡಕ್ಕೆ ನಡೆಯುವುದು. ಯಾರನ್ನೂ ಯಾರ ಜೊತೆಗೂ ಗುಡ್ಡೆ ಹಾಕುವ ಹಾಗಿಲ್ಲ. ಗೆರೆ ಎಡಗಡೆ ಅಂಜುತ್ತ ಹೊರಟು, ನಡುವೆ ಚುರುಕಾಗಿ, ಬಲಕ್ಕೆ ಬಂದು ನಿಧಾನವಾಗುತ್ತಿತ್ತು, ಆಗಬೇಕಾದದ್ದೇ. ಆದರೆ ಇಪ್ಪತ್ತೈದೂವರೆ ಸೆಂಟಿಮೀಟರಿಗೆ ಸ್ವಲ್ಪ ಮುಂಚೆ ಅದು ಇದ್ದಕ್ಕಿದ್ದ ಹಾಗೆ ಗೋಡೆಯಂತೆ ನೆಟ್ಟಗೆ ಮೇಲಕ್ಕೆದ್ದಿತ್ತು. ಆಮೇಲೆ ಚಪ್ಪಟೆ. ಬಹಳ ದೂರ ಏನೂ ಇಲ್ಲ. ತೀರ ತುದಿಯಲ್ಲಿ ಎಣಿಸಿದಂತೆ ಒಂದೆರಡು ಮೆಟ್ಟಿಲು. ಅವಳು ಬೆರಳಿನಿಂದ ಪರದೆಯ ಮೇಲೆ ಆ ಗೋಡೆಯನ್ನು ಸವರಿದಳು. ಅಷ್ಟು ಜನ ಹೆಂಗಸರು ಒಂದೇ ಉದ್ದದ ಪಾದ ಇಟ್ಟುಕೊಂಡು ಹುಟ್ಟಲು ಸಾಧ್ಯವೇ? ಪಾದ ಅಳೆಯುವ ಹಲಗೆಯ ಪಟ್ಟಿ ಅಲ್ಲಿ ಸಿಕ್ಕಿಕೊಳ್ಳುತ್ತಿರಬಹುದು ಎಂದು ಗಂಡಸರ ಅಳತೆಗಳನ್ನು ತೆಗೆದು ನೋಡಿದಳು. ಅದೇ ಹಲಗೆ, ಅದೇ ಜಾಗ. ಗಂಡಸರ ಗೆರೆ ಅಲ್ಲಿ ಏನೂ ಆಗಿಲ್ಲವೆಂಬಂತೆ ನೀಟಾಗಿ ಹತ್ತಿಹೋಗಿತ್ತು. ಅವಳಿಗೆ ಮೈ ಝುಮ್ಮೆಂದಿತು. ಎಲ್ಲೋ ಏನೋ ಅಡಗಿಕೊಂಡಿದೆ, ಅದು ತನಗೊಬ್ಬಳಿಗೇ ಕಾಣುತ್ತಿದೆ ಎಂಬ ಖುಷಿ, ಮಕ್ಕಳಿಗೆ ಕಣ್ಣಾಮುಚ್ಚಾಲೆಯಲ್ಲಿ ಪರದೆಯ ಕೆಳಗೆ ಯಾರದೋ ಕಾಲು ಕಂಡಾಗ ಆಗುವಂಥದ್ದು.

ಮೇಜಿನ ಕೆಳಗೆ ಅವಳು ತನ್ನ ಕಾಲುಗಳನ್ನು ಕುರ್ಚಿಯಡಿಗೆ ಎಳೆದುಕೊಂಡಿದ್ದು ಅವಳ ಗಮನಕ್ಕೆ ಬರಲಿಲ್ಲ. ಅದು ಬಹಳ ಹಿಂದಿನ ಅಭ್ಯಾಸ. ಅಣ್ಣ ಅವಳನ್ನು ದೋಣಿ ಎಂದು ಕರೆಯುತ್ತಿದ್ದ, ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ‘ಅಮ್ಮಾ, ದೋಣಿ ದಡಕ್ಕೆ ಬಂತು’ ಎನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು, ಅವಳೂ. ಚಪ್ಪಲಿ ಅಂಗಡಿಯಲ್ಲಿ ಮಾತ್ರ ನಗು ಬರುತ್ತಿರಲಿಲ್ಲ. ಕೆಂಪು ರೆಗ್ಸಿನ್ ಬೆಂಚಿನ ಮೇಲೆ ಅವಳು ಕೂತಿದ್ದಳು, ಅಂಗಡಿಯವನು ಅವಳ ಪಾದ ನೋಡಿ, ಅಮ್ಮನ ಮುಖ ನೋಡಿ, ಒಳಗಿನವರಿಗೆ ಕೇಳುವ ಹಾಗೆ ‘ಗಂಡಸರ ಕಡೆಯಿಂದ ತೊಗೊಂಡು ಬಾರೋ’ ಎಂದ; ಅಲ್ಲಿದ್ದವರೆಲ್ಲ ತಿರುಗಿ ನೋಡಿದರು, ಮುಖವನ್ನಲ್ಲ, ಕಾಲನ್ನು. ಅಮ್ಮ ಬಗ್ಗಿ ಅವಳ ಕಿವಿಯಲ್ಲಿ ‘ಬೆರಳು ಒಳಗೆ ಎಳ್ಕೊಳ್ಳೇ’ ಎಂದಳು. ಕೋಪವಿರಲಿಲ್ಲ ಅಮ್ಮನ ದನಿಯಲ್ಲಿ, ಗೆದ್ದುಬರುವ ಉಪಾಯ ಹೇಳಿಕೊಡುವ ಗುಟ್ಟಿತ್ತು. ಅವಳು ಎಳೆದುಕೊಂಡಳು, ಹೆಂಗಸರ ಜೋಡಿಯೇ ಸಿಕ್ಕಿತು, ಅಮ್ಮ ದಾರಿಯುದ್ದಕ್ಕೂ ಖುಷಿಯಾಗಿದ್ದಳು. ಪೆನ್ಸಿಲು ಉರುಳಿ ಅಂಚಿಗೆ ಬಂದಿತ್ತು. ಅವಳು ಅದನ್ನು ಹಿಡಿದು, ಅಳತೆ ತೆಗೆಯುವವರನ್ನು ನೋಡಿಬರುತ್ತೇನೆ ಎಂದು ಪಕ್ಕದ ಮೇಜಿನವನಿಗೆ ಹೇಳಿ ಕೆಳಗಿಳಿದಳು.

ಅಳತೆ ನಡೆಯುತ್ತಿದ್ದದ್ದು ಕಂಪನಿಯದೇ ಅಂಗಡಿಯ ಬಾಗಿಲಲ್ಲಿ, ಬಸ್ಸುಗಳು ತಿರುಗುವ ಚೌಕದ ಎದುರು. ಪಾದ ಅಳೆಸಿಕೊಂಡವರಿಗೆ ಒಂದು ಪಾಲಿಶ್ ಡಬ್ಬಿ ಉಚಿತ. ಅಳತೆಯವರು ನಿವೃತ್ತಿಗೆ ಹತ್ತಿರವಾದ, ಇಸ್ತ್ರಿ ಮುದುರದ ಅಂಗಿಯ ಮನುಷ್ಯ, ಮೋಡಿ ಮಾತಿನವರು. ಮಗ್ಗುಲಲ್ಲಿ ಕುರ್ಚಿ ಹಾಕಿಸಿ ಅವಳನ್ನು ಕೂರಿಸಿದರು. ಹಲಗೆಯನ್ನು ಅವಳು ಎಷ್ಟೋ ಸಲ ನೋಡಿದ್ದಳು, ಆದರೆ ನಿಂತು ನೋಡಿದ್ದಳೇ ಹೊರತು ಬಗ್ಗಿ ನೋಡಿರಲಿಲ್ಲ. ಹಿಮ್ಮಡಿಗೆ ಒಂದು ತಡೆ, ಬೆರಳಿನ ತುದಿಗೆ ಸರಿದು ಬರುವ ಒಂದು ಪಟ್ಟಿ, ಎಡಗಡೆ ಸೆಂಟಿಮೀಟರುಗಳು. ಬಲಗಡೆ ಎರಡು ಬಣ್ಣ: ಗುಲಾಬಿ ಬಣ್ಣದಲ್ಲಿ ಹೆಂಗಸರ ಸೈಜುಗಳು, ನೀಲಿಯಲ್ಲಿ ಗಂಡಸರದು. ಗುಲಾಬಿ ಇಪ್ಪತ್ತೈದೂವರೆಗೆ ಮುಗಿದು ಅಲ್ಲೊಂದು ದಪ್ಪ ಕೆಂಪು ಗೆರೆ. ಅದರಾಚೆ ಬರೀ ನೀಲಿ. ದೊಡ್ಡ ಸೈಜುಗಳು ಬರುವ ಮುಂಚೆ ಮಾಡಿಸಿದ ಹಲಗೆ ಅದು, ಯಾರಿಗೂ ಬದಲಾಯಿಸಲು ನೆನಪಾಗಿರಲಿಲ್ಲ.

ಹೆಂಗಸರು ಬಂದರು, ಹೋದರು. ಪ್ರತಿ ಸಲವೂ ಅಳತೆಯವರು ಕಾಲಿಡಲು ಹೇಳಿ, ಮುಖವನ್ನು ಬೀದಿಯ ಕಡೆ ತಿರುಗಿಸಿ, ಬಸ್ಸುಗಳನ್ನು ನೋಡುತ್ತ ಕೂರುತ್ತಿದ್ದರು. ‘ಆಯ್ತಾ ಅಮ್ಮ?’ ಎಂದು ಕೇಳಿ, ‘ಆಯ್ತು’ ಎಂಬ ಉತ್ತರ ಬಂದ ಮೇಲೇ ಈ ಕಡೆ ತಿರುಗಿ ಪಟ್ಟಿಯನ್ನು ಬೆರಳಿಗೆ ತಾಗಿಸಿ ಓದುತ್ತಿದ್ದರು. ಯಾಕೆ ಹಾಗೆ ಎಂದು ಅವಳು ಕೇಳಿದಳು. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಹೆಣ್ಣುಮಕ್ಕಳು ಕಾಲಿಡೋವಾಗ ಪಿಳಿಪಿಳಿ ನೋಡ್ತಾ ಕೂತ್ರೆ ಚೆನ್ನಾಗಿರುತ್ತಾ ಮೇಡಂ? ನಾನೂ ಹೆಣ್ಣುಮಕ್ಕಳನ್ನ ಹೆತ್ತೋನು.”

ಆಗ ಆಸ್ಪತ್ರೆಯ ಕಡೆಯಿಂದ ಒಬ್ಬ ನರ್ಸು ಬಂದಳು. ಪಾಳಿ ಮುಗಿಸಿ ಮನೆಗೆ ಹೊರಟವಳು, ಬಿಳಿ ಕೋಟು ತೋಳಿನ ಮೇಲೆ, ಕಣ್ಣಲ್ಲಿ ನಿದ್ದೆ. ಶೂ ಬಿಚ್ಚಿದಳು, ದೊಡ್ಡ, ಅಂದವಾದ, ಬಳಲಿದ ಪಾದ. ಹಲಗೆಯ ಮೇಲಿಟ್ಟಾಗ ಹೆಬ್ಬೆರಳು ಕೆಂಪು ಗೆರೆಯನ್ನು ದಾಟಿ ನೀಲಿಯ ಮೇಲೆ ಬಿತ್ತು. ಅಳತೆಯವರು ಬಸ್ಸು ನೋಡುತ್ತಿದ್ದರು. ನರ್ಸು ಒಂದು ಕ್ಷಣ ಕೆಳಗೆ ನೋಡಿದಳು, ಅಷ್ಟೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ, ಬೆರಳುಗಳು ಮಾತ್ರ ಗೆಣ್ಣು ಎತ್ತಿಕೊಂಡು, ಮುದುರಿಕೊಂಡು, ಹಿಂದಕ್ಕೆ ಸರಿದು ಗುಲಾಬಿಯೊಳಗೆ ಕೂತವು. ‘ಆಯ್ತಾ ಅಮ್ಮ?’ ‘ಆಯ್ತು.’ ಇಪ್ಪತ್ತೈದು ಪಾಯಿಂಟ್ ನಾಲ್ಕು. ಅವಳು ಡಬ್ಬಿ ತೆಗೆದುಕೊಂಡು ಹೋದಳು. ಇತ್ತ ಕುರ್ಚಿಯಲ್ಲಿ ಕೂತಿದ್ದವಳು ಹಲಗೆಯ ಕಡೆಗೆ ಬಗ್ಗಿದಳು. ಗೋಡೆ ಎದ್ದದ್ದು ಹೀಗೆ! ಪರದೆಯ ಮೇಲಿನ ಆ ನೆಟ್ಟಗಿನ ಏರಿನಲ್ಲಿ ಒಬ್ಬರ ಮೇಲೊಬ್ಬರು ನಿಂತಿದ್ದವರೆಲ್ಲ ಆಚೆಯಿಂದ ಈಚೆಗೆ ಬಂದವರು, ಗೆರೆಯ ಬಲಕ್ಕಿರಬೇಕಾದ ಅವರ ಜಾಗ ಖಾಲಿಯಾಗಿದ್ದರಿಂದಲೇ ಅಷ್ಟು ದೂರ ಚಪ್ಪಟೆ. ಕಂಡುಹಿಡಿದ ಸಂತೋಷಕ್ಕೆ ಯಾರನ್ನಾದರೂ ಹಿಡಿದು ಅಲ್ಲಾಡಿಸಬೇಕೆನಿಸಿತು. ಜೊತೆಗೇ, ಬಾಗಿಲ ಸಂದಿಯಿಂದ ಯಾರದೋ ಕೋಣೆಯೊಳಗೆ ಇಣುಕಿದೆನಲ್ಲ ಎಂದು ನಾಚಿಕೆಯೂ ಆಯಿತು.

“ನೀವೂ ಒಂದ್ಸಲ ನಿಂತ್ಬಿಡಿ ಮೇಡಂ. ಡಬ್ಬಿ ಸಿಗುತ್ತೆ,” ಎಂದರು ಅಳತೆಯವರು ತಮಾಷೆಗೆ. ನಿಂತಳು. ಪಾದವನ್ನು ತಡೆಗೆ ಒತ್ತಿ ಇಟ್ಟಳು. ಅವರು ಬೀದಿಯ ಕಡೆ ತಿರುಗಿದರು. ನನಗೆಲ್ಲ ಗೊತ್ತು, ನಾನು ಇದನ್ನೇ ನೋಡಲು ಬಂದವಳು ಎಂದು ಅವಳು ತನಗೇ ಹೇಳಿಕೊಳ್ಳುತ್ತಿರುವಾಗಲೇ ಬೆರಳುಗಳು ಮುದುರಿದವು. ಅವಳು ಮುದುರಿಸಲಿಲ್ಲ, ಅವು ಮುದುರಿದವು. ಬಿಡಿ ಎಂದು ಅವಳು ಒಳಗೊಳಗೇ ಹೇಳಿದಳು. ಬೇರೆ ಯಾರದೋ ಮಕ್ಕಳ ಹಾಗೆ ಅವು ಕೇಳಲಿಲ್ಲ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒಂದು ನರ ಬಿಗಿದು ನಿಂತಿತು. ‘ಆಯ್ತಾ ಅಮ್ಮ?’ ಎಂದು ಅವರು ಕೇಳಿದಾಗ ಅವಳ ಬಾಯಿ ‘ಆಯ್ತು’ ಎಂದಿತು. ಇಪ್ಪತ್ತೈದು ಪಾಯಿಂಟ್ ನಾಲ್ಕು, ಎಂದು ಅವರು ಬರೆದುಕೊಂಡರು, ಹಾಗೂ ಒಂದು ಡಬ್ಬಿ ಕೊಟ್ಟರು. ಅವರಿಗೆ ವಿಷಯ ಹೇಳಬೇಕು ಎಂದುಕೊಂಡಳು. ಆದರೆ ಅವರ ಮರ್ಯಾದೆಯಿಂದಲೇ ಅಳತೆ ಕೆಟ್ಟಿತು ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಹಲಗೆಯನ್ನು ಒಂದು ದಿನದ ಮಟ್ಟಿಗೆ ಬೇಕೆಂದು ಕೇಳಿ, ಹಳೇ ಪತ್ರಿಕೆಯಲ್ಲಿ ಸುತ್ತಿಸಿಕೊಂಡು, ಕದ್ದವಳ ಹಾಗೆ ಹೊರಟಳು.

ಆಯ್ತಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಅವರು ದಡ್ಡರಲ್ಲ, ಕೆಟ್ಟವರೂ ಅಲ್ಲ. ಮೆಟ್ಟಿಲು ಗೆರೆಯ ಗೋಡೆಯನ್ನು ಅವಳು ತೋರಿಸಿದಾಗ ಕನ್ನಡಕ ಏರಿಸಿಕೊಂಡು ನಿಜವಾಗಿಯೂ ನೋಡಿದರು, ‘ಭಲೇ ಮಜವಾಗಿದೆಯಲ್ರೀ’ ಎಂದರು. ಬೆರಳಿನಿಂದ ಮೇಜು ಕುಟ್ಟಿದರು.

“ಆಯ್ತಪ್ಪ, ಬೆರಳು ಮಡಚ್ಕೋತಾರೆ ಅಂತಲೇ ಇಟ್ಕೊಳ್ಳೋಣ. ಹಲಗೆ ಮೇಲೆ ಮಡಚ್ಕೊಳ್ಳೋರು ಅಂಗಡೀಲೂ ಮಡಚ್ಕೋತಾರಲ್ಲ? ಚಿಕ್ಕ ಶೂನೇ ಕೊಳ್ತಾರೆ. ನಮಗೇನು ನಷ್ಟ?”

ಅವಳು ಹಲಗೆಯನ್ನು ಮಡಿಲಿಗೆ ಎಳೆದುಕೊಂಡಳು. ಸೋತದ್ದು ವಾದದಲ್ಲಲ್ಲ, ಅವರು ಹೇಳಿದ್ದು ಅಕ್ಷರಶಃ ನಿಜ, ಅದಕ್ಕೆ ಸಾಕ್ಷಿ ಅವಳೇ. ಹೋದ ತಿಂಗಳು ಕಂಪನಿಯ ಅದೇ ಅಂಗಡಿಯ ಬೆಂಚಿನ ಮೇಲೆ ಮಗಳು ಕೂತಿದ್ದಳು, ಹದಿನೈದರ ಹುಡುಗಿ, ಓಟದ ತಂಡದವಳು, ಅಮ್ಮನಿಗಿಂತ ಎತ್ತರ. ಹೆಂಗಸರ ದೊಡ್ಡ ಸೈಜು ಅಲ್ಲಿರಲಿಲ್ಲ, ತರಿಸಬೇಕು ಎಂದರು. ಅಂಗಡಿಯ ಹುಡುಗಿ ತುಟಿಯಲ್ಲೇ ನಗುತ್ತ ಗಂಡಸರ ಕಪಾಟಿನ ಕಡೆ ಹೆಜ್ಜೆ ಇಟ್ಟಳು. ಆಗ ಇವಳು ಬಗ್ಗಿ, ಮಗಳ ಕಿವಿಯಲ್ಲಿ, ಅಮ್ಮನದೇ ದನಿಯಲ್ಲಿ, ಅದೇ ಮಾತು ಹೇಳಿದ್ದಳು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಶೂ ಸಿಕ್ಕಿತು, ಬಿಳಿಯದು, ನೇರಳೆ ಲೇಸಿನದು. ವಾರ ಕಳೆಯುವುದರೊಳಗೆ ಮಗಳು ಓಟ ಬಿಟ್ಟಳು. ಬೇಜಾರಾಯ್ತು ಎಂದಳು, ಇವಳು ನಂಬಿದಳು. ಆ ವಯಸ್ಸು, ಇವತ್ತು ಬೇಕಾದದ್ದು ನಾಳೆ ಬೇಡ. ಆಯ್ತಪ್ಪನವರು ಇನ್ನೂ ಏನೋ ಹೇಳುತ್ತಿದ್ದರು: ನಾಳೆ ಬೆಳಿಗ್ಗೆ ಸಭೆ, ಗೆರೆ ಎಳೆದ ಚಿತ್ರ ಇರಲಿ, ಬೇರೆ ಏನಾದರೂ ಇದ್ದರೆ ಅಂಕಿ ಸಮೇತ ತನ್ನಿ, ಮನಸ್ಸಿಗೆ ಅನ್ನಿಸಿದ್ದನ್ನು ಲೆಕ್ಕದವರ ಮುಂದೆ ಇಡೋಕಾಗಲ್ಲ. ಆಗಲಿ ಸರ್, ಎಂದು ಅವಳು ಎದ್ದಳು. ಬಾಗಿಲು ದಾಟುವಾಗ ಹಲಗೆಯ ಮೂಲೆ ಚೌಕಟ್ಟಿಗೆ ಬಡಿಯಿತು.

ಮನೆಯಲ್ಲಿ ಗಂಡ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ. ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಅವಳು ಹಲಗೆಯ ಬಲಗಡೆಗೆ ಕಂದು ಬಣ್ಣದ ಟೇಪು ಅಂಟಿಸಿ ಗುಲಾಬಿ, ನೀಲಿ, ಕೆಂಪು ಎಲ್ಲವನ್ನೂ ಮುಚ್ಚಿದಳು, ಎಡಗಡೆಯ ಅಂಕಿಗಳನ್ನಷ್ಟೇ ಬಿಟ್ಟಳು. ಮಗಳು ಸೋಫಾದ ತೋಳಿನ ಮೇಲೆ ಕೂತು ನೋಡುತ್ತಿದ್ದಳು. ಕಾಲು ಅಳೆಯಬೇಕು ಬಾ ಮರಿ ಎಂದಾಗ ಅವಳು ಎರಡೂ ಪಾದಗಳನ್ನು ಕುಂಡೆಯ ಕೆಳಗೆ ಮಡಚಿಟ್ಟುಕೊಂಡಳು. ಬೇಡ. ಯಾಕೆ? ಸುಮ್ನೆ, ಬೇಡ. ಆಮೇಲೆ ಇನ್ನೇನೋ ಹೇಳಲು ಹೊರಟ ಮಗಳ ಬಾಯಿಂದ ಆ ಮಾತು ಬಿತ್ತು.

“ಆ ಶೂ ನಾನು ಹಾಕ್ಕೊಳ್ಳೋದೇ ಇಲ್ಲ ಅಮ್ಮ. ಬೀದಿ ತಿರುಗಿದ್ಮೇಲೆ ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ಹಳೇ ಚಪ್ಪಲೀಲಿ ಹೋಗ್ತೀನಿ. ಚಪ್ಪಲೀಲಿ ಓಡೋಕಾಗುತ್ತಾ?”

ಅಡುಗೆಮನೆಯ ಚಾಕುವಿನ ಸದ್ದು ನಿಂತಿತು. ಅವಳಿಗೆ ಮಗಳ ಮುಖ ನೋಡಲಾಗಲಿಲ್ಲ. ಒಂದು ತಿಂಗಳು ಈ ಹುಡುಗಿ ದಿನಾ ಬೆಳಿಗ್ಗೆ ತನ್ನೆದುರು ಆ ಬಿಳಿ ಶೂಗಳ ಲೇಸು ಕಟ್ಟಿ, ಹೋಗಿಬರ್ತೀನಿ ಎಂದು ಹೇಳಿ, ತಿರುವಿನಲ್ಲಿ ಗೋಡೆಗೆ ಒರಗಿ ಬಿಚ್ಚಿಕೊಂಡಿದ್ದಾಳೆ. ದುಃಖವಾಯಿತು. ಬರೀ ದುಃಖವೂ ಅಲ್ಲ. ತನಗೆ ಆ ವಯಸ್ಸಿನಲ್ಲಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವ ಬುದ್ಧಿ ಯಾಕೆ ಹೊಳೆಯಲಿಲ್ಲ ಎಂಬ ಬೆರಗೂ ಇತ್ತು. ನಾನು ಹೇಳಿದ್ದು ತಪ್ಪಾಯ್ತು ಕಣೇ ಎಂದಳು. ಮಗಳು, ಅಮ್ಮನ ಚೀಲದಿಂದ ಜಾರಿ ನೆಲದ ಮೇಲೆ ಬಿದ್ದಿದ್ದ ಚಿತ್ರದ ಹಾಳೆಯನ್ನು ಕಾಲ್ಬೆರಳಿನಿಂದ ತನ್ನ ಕಡೆ ಎಳೆದುಕೊಂಡಳು. ಇದೇನಿದು ಮೆಟ್ಟಿಲು?

ಅವಳು ನೆಲದ ಮೇಲೆ ಕೂತು ಹೇಳಿಕೊಟ್ಟಳು. ಕಂಬಗಳ ಚಿತ್ರದಲ್ಲಿ ಜಾಸ್ತಿ ಜನ ಇರೋ ಕಡೆ ಎತ್ತರ, ಒಂಟಿಯಾಗಿರೋರು ನೆಲಕ್ಕಂಟಿಕೊಂಡಿರ್ತಾರೆ, ಕಾಣೋದೇ ಇಲ್ಲ. ಇದರಲ್ಲಿ ಹಾಗಲ್ಲ. ಒಬ್ಬರಿಗೆ ಒಂದು ಮೆಟ್ಟಿಲು. ಇಲ್ಲಿ ಬೆರಳಿಟ್ಟು ಎಡಕ್ಕೆ ನೋಡಿದರೆ ಇಷ್ಟು ಉದ್ದ ಅಥವಾ ಅದಕ್ಕಿಂತ ಕಮ್ಮಿ ಕಾಲಿರೋರು ನೂರಕ್ಕೆ ಎಷ್ಟು ಜನ ಅಂತ ಗೊತ್ತಾಗುತ್ತೆ. ಮಗಳು ಹಾಳೆಯ ಮೇಲೆ ಬಗ್ಗಿದ್ದಳು, ಕೂದಲು ಗೆರೆಯ ಮೇಲೆ ಜೋತುಬಿದ್ದಿತ್ತು. ಕಾಲು ಚಿಕ್ಕದಿದ್ದರೂ ದೊಡ್ಡದಿದ್ದರೂ ಮೆಟ್ಟಿಲು ಒಂದೇ ಎತ್ತರನಾ ಎಂದು ಕೇಳಿದಳು. ಒಂದೇ ಎತ್ತರ. ಮತ್ತೆ ಇಲ್ಲಿ ಯಾಕೆ ಗೋಡೆ? ಇವಳು ಕೆಂಪು ಗೆರೆಯ ವಿಷಯ ಹೇಳಿದಳು, ನರ್ಸಿನ ವಿಷಯ ಹೇಳಿದಳು, ಕೊನೆಗೆ ತಾನು ನಿಂತದ್ದನ್ನೂ ಹೇಳಿದಳು, ಗೊತ್ತಿದ್ದೂ ಬೆರಳು ಬಿಡಿಸಲಾಗಲಿಲ್ಲ ಎಂಬುದನ್ನೂ. ಮಗಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಅವಳು ಸೋಫಾದಿಂದ ಇಳಿದಳು.

“ಹಂಗಾದ್ರೆ ಮೊದಲು ನೀನು ನಿಂತ್ಕೊ. ನಾನು ಆ ಕಡೆ ತಿರುಗಲ್ಲ.”

ತಿರುಗಲಿಲ್ಲ. ಹಲಗೆಯ ಪಕ್ಕ ಹೊಟ್ಟೆಯ ಮೇಲೆ ಮಲಗಿ, ಗಲ್ಲಕ್ಕೆ ಕೈಕೊಟ್ಟು, ಏನೋ ಹುಳು ನೋಡುವಷ್ಟು ಶ್ರದ್ಧೆಯಿಂದ ಅಮ್ಮನ ಪಾದವನ್ನೇ ನೋಡಿದಳು. ಬೆರಳುಗಳು ಮುದುರಿದವು. ಅಯ್ಯೋ, ನಿಜವಾಗ್ಲೂ ತಾವಾಗೇ ಹೋಗ್ತವಲ್ಲ, ಎಂದಳು ಮಗಳು. ಅಂಗೈಯಿಟ್ಟು ಒಂದೊಂದನ್ನೇ ಮೆಲ್ಲಗೆ ಒತ್ತಿ ಮಲಗಿಸಿದಳು. ಹೆಬ್ಬೆರಳನ್ನು ಮಲಗಿಸಿದರೆ ಕಿರುಬೆರಳು ಏಳುತ್ತಿತ್ತು. ಗಂಡ ಚಾಕು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತು, ಸಹಾಯ ಬೇಕಾ ಎಂದ, ಇಬ್ಬರೂ ಬೇಡವೆಂದರು. ಕೊನೆಗೆ ಪಾದ ಹಲಗೆಯ ಮೇಲೆ ಪೂರ್ತಿ ಚೆಲ್ಲಿಕೊಂಡಿತು, ಅವಳಿಗೆ ಕಾಲಿನ ಅಡಿಗೆ ಮರದ ತಣ್ಣಗಿನ ಸ್ಪರ್ಶ ತಿಳಿಯಿತು. ಇಪ್ಪತ್ತಾರು ಪಾಯಿಂಟ್ ಮೂರು. ಆಮೇಲೆ ಮಗಳು ನಿಂತಳು. ಅವಳ ಬೆರಳುಗಳನ್ನು ಯಾರೂ ಒತ್ತಬೇಕಾಗಲಿಲ್ಲ. ಇಪ್ಪತ್ತಾರು ಪಾಯಿಂಟ್ ಒಂಬತ್ತು. ಇಬ್ಬರೂ ಸೇರಿ ಹಾಳೆಯ ಬಲತುದಿಯಲ್ಲಿ ಪೆನ್ಸಿಲಿನಿಂದ ಎರಡು ಮೆಟ್ಟಿಲು ಹತ್ತಿಸಿದರು. ಹಾಗೆ ಮಾಡಿದರೆ ಉಳಿದೆಲ್ಲ ಮೆಟ್ಟಿಲುಗಳೂ ಕೂದಲೆಳೆಯಷ್ಟು ಗಿಡ್ಡವಾಗಬೇಕು, ಪೂರ್ತಿ ಹೊಸದಾಗಿ ಎಳೆಯಬೇಕು ಎಂದು ಅವಳು ವಿವರಿಸಿದಳು. ನನ್ನಿಂದ ಎಲ್ಲರೂ ಸ್ವಲ್ಪ ಜರುಗಬೇಕಾ ಎಂದು ಮಗಳು ಕೇಳಿದಳು. ಆ ವಿಷಯ ಅವಳಿಗೆ ಬಹಳ ಇಷ್ಟವಾದಂತಿತ್ತು.

ಸಭೆಯ ಕೋಣೆಯಲ್ಲಿ ಉದ್ದದ ಮೇಜು, ಗಾಜಿನ ಲೋಟಗಳು, ಗೋಡೆಯ ಮೇಲೆ ಕಾರ್ಖಾನೆಯ ಹಳೆಯ ಚಿತ್ರ. ಆಯ್ತಪ್ಪನವರು, ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ, ಮಾರಾಟದವರು ಒಂದಿಬ್ಬರು. ಅವಳು ಎರಡೂ ಚಿತ್ರ ಇಟ್ಟಳು: ಕಂಬಗಳದ್ದು, ಗೆರೆ ಎಳೆಯದೆ; ಮೆಟ್ಟಿಲಿನದ್ದು, ಗೋಡೆಯ ಸಮೇತ. ಹೇಳಬೇಕಾದದ್ದನ್ನು ಹೇಳಿದಳು, ಅಳತೆಯವರ ತಪ್ಪೇನೂ ಇಲ್ಲ, ಹಲಗೆಯದೇ ತಪ್ಪು ಎಂದು ಒತ್ತಿ ಹೇಳಿದಳು. ನಿನ್ನೆಯ ಪ್ರಶ್ನೆಗೂ ಉತ್ತರ ಕೊಟ್ಟಳು: ಚಿಕ್ಕ ಶೂ ಕೊಳ್ಳುತ್ತಾರೆ ನಿಜ, ಒಂದು ಸಲ ಕೊಳ್ಳುತ್ತಾರೆ, ಆಮೇಲೆ ಬೀದಿಯ ತಿರುವಿನಲ್ಲಿ ಬಿಚ್ಚಿಟ್ಟು ಮತ್ತೆ ನಮ್ಮ ಅಂಗಡಿಗೆ ಕಾಲಿಡುವುದಿಲ್ಲ. ಮಾರಾಟದವರಲ್ಲಿ ಒಬ್ಬ, ತುದಿಯಲ್ಲಿ ಪೆನ್ಸಿಲಿನಿಂದ ಹತ್ತಿಸಿದ ಆ ಎರಡು ಯಾವುವು, ಒಂದೆರಡು ಎಲ್ಲೋ ಇದ್ದೇ ಇರುತ್ತವೆ, ಅವನ್ನು ತೆಗೆದುಹಾಕಿ ನೋಡಬಹುದಲ್ಲ ಎಂದ. ಅವಳು ಆ ಎರಡು ಮೆಟ್ಟಿಲುಗಳ ಮೇಲೆ ಬೆರಳಿಟ್ಟಳು.

“ಒಂದು ನನ್ನದು. ಇನ್ನೊಂದು ನನ್ನ ಮಗಳದು. ತೆಗೆಯೋಕಾಗಲ್ಲ.”

ಹಲಗೆಯನ್ನು ನೆಲದ ಮೇಲಿಟ್ಟು, ಶೂ ಬಿಚ್ಚಿ, ಕಾಲುಚೀಲ ತೆಗೆದು, ಅವಳು ನಿಂತಳು. ಗಂಡಸರೆಲ್ಲ ಒಳ್ಳೆಯವರು, ಒಬ್ಬ ಕಿಟಕಿಯ ಕಡೆ, ಒಬ್ಬ ಲೋಟದ ಕಡೆ ನೋಡತೊಡಗಿದ, ಆಯ್ತಪ್ಪನವರು ಚಾವಣಿಯ ಫ್ಯಾನನ್ನು ಪರೀಕ್ಷಿಸುತ್ತಿದ್ದರು. ನೋಡಿ ಸರ್, ಎಂದಳು ಅವಳು. ಅವರು ಎದ್ದು ಬಂದು, ಕನ್ನಡಕ ಸರಿಪಡಿಸಿಕೊಂಡು, ಮೊಣಕಾಲೂರಿ ಕೂತರು. ಅವಳ ಬೆರಳುಗಳು ಮುದುರಿಕೊಂಡಿದ್ದವು. ಬಿಡಿಸಬೇಕು, ಮಗಳ ಅಂಗೈ ಇಲ್ಲಿಲ್ಲ. ಅವಳು ಅವಸರ ಮಾಡಲಿಲ್ಲ. ಏನಾಗುತ್ತದೋ ನೋಡೋಣ ಎಂದು ತಾನೂ ಬಗ್ಗಿ, ಉಳಿದವರ ಹಾಗೇ ಕುತೂಹಲದಿಂದ, ತನ್ನ ಕಾಲನ್ನು ನೋಡುತ್ತ ನಿಂತಳು. ಹೆಬ್ಬೆರಳು ಇಳಿಯಿತು. ಅದರ ಪಕ್ಕದ್ದು ಇಳಿಯಿತು. ಕಿರುಬೆರಳು ಬಹಳ ಹೊತ್ತು ಒಂಟಿಯಾಗಿ ಎದ್ದುಕೊಂಡಿದ್ದು, ಅದೂ ಇಳಿಯಿತು. ಆಯ್ತಪ್ಪನವರು ಪಟ್ಟಿ ಸರಿಸಿ ಅಂಕಿಯನ್ನು ಗಟ್ಟಿಯಾಗಿ ಓದಿದರು. ಇಪ್ಪತ್ತಾರು ಪಾಯಿಂಟ್ ಮೂರು.

ಮೇಜಿನ ಆ ತುದಿಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ತನ್ನ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟು, ಯಾರ ಮುಖವನ್ನೂ ನೋಡದೆ, ಬಗ್ಗಿ ತನ್ನ ಶೂವಿನ ಪಟ್ಟಿ ಬಿಚ್ಚತೊಡಗಿದಳು.